ಕಡಿದ ಮರಕ್ಕೆ ಮೂರು ಹಗ್ಗ

ಡಿಸೆಂಬರ್ ತಿಂಗಳ ಎರಡನೆಯ ವಾರದಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರಕ್ಕೆ ಬೆಳಗಿನ ಎಂಟೂವರೆಯಾದರೂ ಸೂರ್ಯನ ಸುಳಿವಿರುವುದಿಲ್ಲ. ಅಂಥ ಒಂದು ಅರೆಗತ್ತಲೆಯಲ್ಲಿ ಕಾಫಿಗೆ ಹಾಲಿಟ್ಟು ಅಡುಗೆಮನೆಯ ಕಿಟಕಿಯಿಂದ ಕೆಳಗಿನ ಹಿತ್ತಲನ್ನು ನೋಡಿದಾಗ, ಹಿಂದಿನ ಸಂಜೆಯಷ್ಟೇ ನಾವು ನಾಲ್ಕು ಮನೆಯವರು ಸೇರಿ ನಿಲ್ಲಿಸಿದ್ದ ಕ್ರಿಸ್ಮಸ್ ಮರವು ನಿಂತ ಜಾಗದಲ್ಲಿ ಇರಲಿಲ್ಲ. ಅದು ಹತ್ತು ಹೆಜ್ಜೆ ಆಚೆ, ಬಟ್ಟೆ ಒಣಹಾಕುವ ಕಬ್ಬಿಣದ ಕಂಬದ ಬುಡದಲ್ಲಿ ಮಕಾಡೆ ಬಿದ್ದಿತ್ತು. ಸುತ್ತಿದ್ದ ಬ್ಯಾಟರಿಯ ದೀಪದ ಸರ ಮಾತ್ರ ಏನೂ ಆಗಿಲ್ಲವೆಂಬಂತೆ ಮಿನುಗುತ್ತಿತ್ತು. ಆ ರಾತ್ರಿ ಬೀಸಿದ್ದು ಬಿರುಗಾಳಿಯೇನೂ ಅಲ್ಲ. ಬ್ರಿಟನ್ನಿನ ಹವಾಮಾನ ಇಲಾಖೆಯವರು 2015ರಿಂದ ದೊಡ್ಡ ಬಿರುಗಾಳಿಗಳಿಗೆಲ್ಲ ಹೆಸರಿಡುತ್ತ ಬಂದಿದ್ದಾರೆ. ನಮ್ಮ ಮರವನ್ನು ಕೆಡವಿದ್ದು ಹೆಸರು ಪಡೆಯುವ ಯೋಗ್ಯತೆಯೂ ಇಲ್ಲದ ಗಾಳಿ.

ಮರವನ್ನು ಹೊರಗೇಕೆ ಇಟ್ಟಿರೆಂದು ಊರಿನ ಬಂಧುಗಳು ಕೇಳಿದ್ದುಂಟು. ನಾವು ವಾಸವಾಗಿರುವುದು ನಾಲ್ಕು ಅಂತಸ್ತಿನ ಹಳೆಯ ಕಲ್ಲುಕಟ್ಟಡದಲ್ಲಿ. ಹಿಂಬದಿಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಒಂದು ಹಿತ್ತಲಿದೆ. ಅರ್ಧ ಭಾಗಕ್ಕೆ ಕಲ್ಲುಚಪ್ಪಡಿ ಹಾಸಿದೆ, ಇನ್ನರ್ಧ ಹುಲ್ಲು. ಅದರ ಮೂಲೆಗಳಲ್ಲಿ ಆಳೆತ್ತರವನ್ನು ಮೀರಿದ ಕಬ್ಬಿಣದ ಕಂಬಗಳಿವೆ. ಡಂಡೀಯವರು ಇವುಗಳನ್ನು 'ಗ್ರೀನೀ ಪೋಲ್' ಎಂದು ಕರೆಯುತ್ತಾರೆ. ಬಟ್ಟೆ ಒಣಹಾಕುವ ಹಗ್ಗಗಳು ಈ ಕಂಬಗಳಿಂದ ಕಂಬಗಳಿಗೆ ಹಾಯುತ್ತವೆ. ಒಂದು ಮನೆಯ ಮಗುವಿಗೆ ಉಬ್ಬಸದ ತೊಂದರೆ, ನಮ್ಮ ಮನೆಯಲ್ಲಿ ಕಾಲು ಚಾಚಲು ಜಾಗದ ತೊಂದರೆ, ಆದ್ದರಿಂದ ಎಲ್ಲರಿಗೂ ಸೇರಿ ಹಿತ್ತಲಲ್ಲೇ ಒಂದು ಮರವೆಂದು ತೀರ್ಮಾನವಾಯಿತು. ಅದರಿಂದ ಒಂದು ಲಾಭವೂ ಉಂಟು. ಬೆಚ್ಚಗಿನ ಕೋಣೆಯೊಳಗೆ ಕಡಿದ ಮರವು ಬೇಗ ಒಣಗಿ ಸೂಜಿಯೆಲೆಗಳನ್ನು ಉದುರಿಸುತ್ತದೆ. ಹೊರಗಿನ ಥಂಡಿಯಲ್ಲಿ ಅದೇ ಮರ ಜನವರಿಯವರೆಗೂ ನಿನ್ನೆ ಕಡಿದಂತೆ ಹಸುರಾಗಿರುತ್ತದೆ. ಗಾಳಿಯೊಂದನ್ನು ಗೆದ್ದರೆ ಹೊರಗಿರುವುದೇ ಮರಕ್ಕೆ ಸುಖ.

ನಾವು ತಂದಿದ್ದು ಆರಡಿಯ ನಾರ್ಡ್‌ಮನ್ ಫರ್. ಕಾಕಸಸ್ ಪರ್ವತಗಳ ಸೀಮೆಯ ಈ ಮರ ಎಲೆಗಳನ್ನು ಸುಲಭವಾಗಿ ಬಿಡುವುದಿಲ್ಲ, ಕೊಂಬೆಗಳು ಗಟ್ಟಿ, ಹರಹು ದೊಡ್ಡದು. ಮನೆಯೊಳಗಿನ ಮರಕ್ಕೆ ಇವೆಲ್ಲ ಸದ್ಗುಣಗಳು. ಹೊರಗಿಟ್ಟಾಗ, ತುಂಬು ಕೊಂಬೆಗಳ ಮರವೆಂದರೆ ತುಂಬು ಹಾಯಿಯೆಂದೇ ಅರ್ಥ. ಮರದ ಜೊತೆಗೆ ಅಂಗಡಿಯವರು ನಾಲ್ಕು ಕಾಲಿನ, ನಡುವೆ ನೀರಿನ ಬಟ್ಟಲಿರುವ ಒಂದು ಕಬ್ಬಿಣದ ಸ್ಟ್ಯಾಂಡನ್ನೂ ಕೊಟ್ಟು, ಇದು ಎಂಟಡಿಯ ಮರವನ್ನೂ ಹೊರುತ್ತದೆಂದು ಹೇಳಿದ್ದರು. ಹೊರುತ್ತದೆಂಬುದು ಸುಳ್ಳಲ್ಲ. ಹೊರುವುದಕ್ಕೂ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಮಾತ್ರ ಅವರ ಮಾತಿನಲ್ಲಿ ಇರಲಿಲ್ಲ.

ಮರ ಬಿದ್ದ ಬೆಳಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ, ಬಸ್ಸಿನಲ್ಲಿ ಕೂತು, ಒಂದು ಹಳೆಯ ಲಕೋಟೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದೆ. ಓದಿದ್ದು ಎಂಜಿನಿಯರಿಂಗ್, ಈ ಲೆಕ್ಕವನ್ನು ಮರ ಬೀಳುವ ಮೊದಲೇ ಹಾಕಬಹುದಾಗಿತ್ತೆಂದು ಹೆಂಡತಿ ಹೇಳಿದ್ದು ನ್ಯಾಯವೇ. ಮರದ ಎದುರುಮೋರೆಯ ವಿಸ್ತೀರ್ಣ, ಅಂದರೆ ಗಾಳಿಗೆ ಒಡ್ಡಿಕೊಂಡ ತ್ರಿಕೋನ, ಸುಮಾರು 1 ಚದರ ಮೀಟರ್. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಅದನ್ನು ಹೆಚ್ಚುಕಡಿಮೆ 4 ಕೆ.ಜಿ. ಬಲದಿಂದ ತಳ್ಳುತ್ತದೆ, ಮತ್ತು ಆ ಬಲವು ನೆಲದಿಂದ ಸುಮಾರು 80 ಸೆಂಟಿಮೀಟರ್ ಎತ್ತರದಲ್ಲಿ ನಾಟುತ್ತದೆ. ಇದಕ್ಕೆ ಎದುರಾಗಿ ನಿಲ್ಲುವುದು ಮರ, ಸ್ಟ್ಯಾಂಡು, ನೀರು ಮೂರೂ ಸೇರಿದ 17 ಕೆ.ಜಿ. ಭಾರ. ಸ್ಟ್ಯಾಂಡಿನ ಕಾಲುಗಳು ನಡುವಿನಿಂದ 25 ಸೆಂಟಿಮೀಟರ್ ಚಾಚಿವೆಯೆಂದು ನಾವು ಧೈರ್ಯವಾಗಿದ್ದೆವು. ಆದರೆ ಮರವು ಬೀಳುವಾಗ ಕಾಲಿನ ನೇರಕ್ಕೆ ಬೀಳುವುದಿಲ್ಲ. ಎರಡು ಕಾಲುಗಳ ನಡುವಿನ ಸಂದಿಯನ್ನು ಹುಡುಕಿಕೊಂಡು ಬೀಳುತ್ತದೆ, ಆ ದಿಕ್ಕಿಗೆ ಬುಡದ ಹರಹು ಬರೀ 18 ಸೆಂಟಿಮೀಟರ್. ಎರಡೂ ಕಡೆಯ ಗುಣಾಕಾರ ಮಾಡಿ ನೋಡಿದರೆ ತಕ್ಕಡಿ ಸಮವಾಗಿತ್ತು. ಅಂದರೆ ಗಂಟೆಗೆ 36 ಕಿಲೋಮೀಟರ್ ಗಾಳಿಯೇ ನಮ್ಮ ಮರದ ಎಲ್ಲೆ; ಅದಕ್ಕಿಂತ ಒಂದು ಉಸಿರು ಜೋರಾಗಿ ಬೀಸಿದರೂ ಅದು ಮಲಗಲೇಬೇಕು. ಡಂಡೀಯ ಚಳಿಗಾಲದಲ್ಲಿ ಇಷ್ಟು ಗಾಳಿಗೆ ಯಾರೂ ಟೋಪಿಯನ್ನು ಕೂಡ ಹಿಡಿದುಕೊಳ್ಳುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. 72 ಕಿಲೋಮೀಟರ್ ವೇಗದಲ್ಲಿ ಅದೇ ಮರದ ಮೇಲೆ 15 ಕೆ.ಜಿ. ಬಲ ಬೀಳುತ್ತದೆ. ಹವಾಮಾನ ವರದಿಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಿಸುವುದು ಸರಾಸರಿ ವೇಗ. ಕಟ್ಟಡಗಳ ನಡುವೆ ನುಗ್ಗುವ ಒಂದೊಂದು ಬೀಸು ಅದರ ಒಂದೂವರೆ ಪಟ್ಟನ್ನು ಸುಲಭವಾಗಿ ಮುಟ್ಟುತ್ತದೆ. ಮರವನ್ನು ಬೀಳಿಸುವುದು ಸರಾಸರಿಯಲ್ಲ, ಬೀಸು. ಆದ್ದರಿಂದ ಈಗ ನಾನು ವರದಿಯಲ್ಲಿ ಬೀಸಿನ ಅಂಕಿಯನ್ನು ಮಾತ್ರ ನೋಡುತ್ತೇನೆ.

ಮೊದಲ ಪರಿಹಾರ ಎಲ್ಲರಿಗೂ ಹೊಳೆಯುವಂಥದ್ದು, ಬುಡಕ್ಕೆ ಭಾರ ಹೇರುವುದು. ಸ್ಟ್ಯಾಂಡಿನ ಕಾಲುಗಳ ಮೇಲೆ 20 ಕೆ.ಜಿ.ಯಷ್ಟು ಇಟ್ಟಿಗೆಗಳನ್ನು ಜೋಡಿಸಿದೆವು. ಇಟ್ಟಿಗೆಗಳ ಬದಲು ಮರಳು ತುಂಬಿದ ಗೋಣಿಚೀಲಗಳು ಚೆನ್ನಾಗಿ ಕೂರುತ್ತವೆಂದು ಅನ್ನಿಸಿ ಊರೆಲ್ಲ ಹುಡುಕಿದೆ. ಒಂದು ಕಾಲದಲ್ಲಿ ಬಂಗಾಳದ ಸೆಣಬನ್ನು ಹಡಗುಗಟ್ಟಲೆ ತರಿಸಿ ಜಗತ್ತಿಗೆಲ್ಲ ಗೋಣಿ ನೇಯುತ್ತಿದ್ದ ಊರು ಇದು. ಕಳೆದ ಶತಮಾನ ಮುಗಿಯುವಷ್ಟರಲ್ಲಿ ಕೊನೆಯ ಗಿರಣಿಯೂ ಬಾಗಿಲು ಹಾಕಿತ್ತು, ನನಗೆ ಸಿಕ್ಕಿದ್ದು ಪ್ಲಾಸ್ಟಿಕ್ ನೂಲಿನ ಚೀಲಗಳು. ಅದೇನೇ ಇರಲಿ, ಭಾರದ ಲೆಕ್ಕ ನಿರಾಶೆ ತರುವಂಥದ್ದು. ಒಟ್ಟು ಭಾರ 17ರಿಂದ 37 ಕೆ.ಜಿ.ಗೆ ಏರಿತು, ಎರಡು ಪಟ್ಟಿಗೂ ಹೆಚ್ಚು. ಮರ ತಾಳಿಕೊಳ್ಳುವ ಗಾಳಿಯ ವೇಗ ಮಾತ್ರ 36ರಿಂದ 53 ಕಿಲೋಮೀಟರಿಗೆ ಏರಿತು. ಭಾರವನ್ನು ನಾಲ್ಕು ಪಟ್ಟು ಹೇರಿದರೆ ಎರಡು ಪಟ್ಟು ಗಾಳಿಗೆ ಉತ್ತರ ಕೊಟ್ಟಂತಾಯಿತು. ಹೀಗೆ ಹೋದರೆ ಹಿತ್ತಲಲ್ಲಿ ಮರಕ್ಕಿಂತ ಇಟ್ಟಿಗೆಯ ಗುಡ್ಡವೇ ಎದ್ದು ಕಾಣುತ್ತದೆ.

ಎರಡನೆಯ ಪ್ರಯತ್ನವಾಗಿ ಮರದ ಮೇಲುಭಾಗಕ್ಕೆ ಎರಡು ಹಗ್ಗ ಕಟ್ಟಿ, ಅವುಗಳ ತುದಿಯನ್ನು ನೀರು ತುಂಬಿದ 15 ಲೀಟರಿನ ಎರಡು ಬಕೆಟ್ಟುಗಳ ಹಿಡಿಕೆಗೆ ಬಿಗಿದೆ. ನೋಡಲು ಭದ್ರವಾಗಿತ್ತು. ಮಾರನೆಯ ಸಂಜೆ ಜೋರಾಗಿ ಬೀಸಿದಾಗ ನಾನು ಕಿಟಕಿಯಲ್ಲೇ ನಿಂತಿದ್ದೆ. ಮರವು ಒಮ್ಮೆ ಬಾಗಿ, ಬಕೆಟ್ಟನ್ನು ಒದ್ದೆ ಚಪ್ಪಡಿಯ ಮೇಲೆ ಕರುವನ್ನು ಎಳೆದಂತೆ ಎಳೆದುಕೊಂಡು, ಸಾವಕಾಶವಾಗಿ ಪಕ್ಕಕ್ಕೆ ಒರಗಿತು. ಇಳಿಜಾರಾಗಿ ಬರುವ ಹಗ್ಗವು ತೂಕವನ್ನು ಅಡ್ಡಕ್ಕೆ ಎಳೆಯುವುದಷ್ಟೇ ಅಲ್ಲ, ಅಷ್ಟೇ ಬಲದಿಂದ ಮೇಲಕ್ಕೂ ಎತ್ತುತ್ತಿರುತ್ತದೆಂಬುದನ್ನು ನಾನು ಮರೆತಿದ್ದೆ. ಹಗ್ಗವು 45 ಡಿಗ್ರಿಯಲ್ಲಿದ್ದು ಅಡ್ಡ ಎಳೆತ 6 ಕೆ.ಜಿ. ಆದರೆ ಬಕೆಟ್ಟಿನ 15 ಕೆ.ಜಿ.ಯಲ್ಲಿ 6 ಕೆ.ಜಿ. ಆಗಲೇ ಗಾಳಿಯ ಪಾಲಾಗಿರುತ್ತದೆ. ಉಳಿದ 9 ಕೆ.ಜಿ.ಯು ಒದ್ದೆ ಕಲ್ಲಿನ ಮೇಲೆ 6 ಕೆ.ಜಿ. ಎಳೆತವನ್ನು ತಡೆಯಲಾರದು. ಕಲ್ಲು, ಬಕೆಟ್ಟು, ಮರಳಿನ ಚೀಲ ಇವುಗಳನ್ನು ಹಗ್ಗದ ತುದಿಗೆ ಕಟ್ಟಿ ನಂಬುವವರು ಒಂದೊಂದು ತುದಿಗೂ ಕನಿಷ್ಠ 30 ಕೆ.ಜಿ. ಇಡಬೇಕು. ಇಡಲಾಗದಿದ್ದರೆ ಆ ಭಾರವನ್ನು ಸ್ಟ್ಯಾಂಡಿನ ಮೇಲೆಯೇ ಇಟ್ಟು, ಹಗ್ಗಕ್ಕೆ ಕದಲದ ಆಸರೆಯನ್ನು ಹುಡುಕಬೇಕು.

ಆ ರಾತ್ರಿ ಊರಿಗೆ ಫೋನು ಮಾಡಿದಾಗ ಮಾತಿಗೆ ಮಾತು ಬಂದು ಈ ಕತೆಯನ್ನೆಲ್ಲ ಅಪ್ಪಯ್ಯನಿಗೆ ಹೇಳಿದೆ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ಅಡಿಕೆಯ ನಡುವೆ ಬಾಳೆ. ಗೊನೆ ಬಿಟ್ಟ ಬಾಳೆಗೆ ಮಳೆಗಾಳಿ ಬೀಸುವ ಮೊದಲೇ ಕವೆಗೋಲು ಕೊಡುವುದು, ಕವೆಗೋಲು ಸಾಲದಿದ್ದರೆ ಗೊನೆಯ ಕುತ್ತಿಗೆಯ ಹತ್ತಿರ ಹಗ್ಗ ಹಾಕಿ ಗಟ್ಟಿಯಾದ ಅಡಿಕೆಮರಕ್ಕೆ ಎಳೆದು ಕಟ್ಟುವುದು, ಇವು ನಾನು ಹತ್ತು ವರ್ಷದವನಿದ್ದಾಗಲೇ ಅವರ ಹಿಂದೆ ಹಗ್ಗದ ಸುರುಳಿ ಹಿಡಿದು ಓಡಾಡಿ ಕಲಿತ ಕೆಲಸಗಳು. ಅಪ್ಪಯ್ಯ ಎಲ್ಲವನ್ನೂ ಕೇಳಿಸಿಕೊಂಡು, "ಬಾಳೆಯ ಬುಡಕ್ಕೆ ಕಲ್ಲು ಹೇರಿ ನಿಲ್ಲಿಸಿದವರನ್ನು ಎಲ್ಲಾದರೂ ಕಂಡಿದ್ದೀಯೇನೋ ಮಾರಾಯ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. "ಕಡಿದ ಮರಕ್ಕೆ ಇಷ್ಟು ಉಪಚಾರವೇ" ಎಂದು ಹಿಂದಿನಿಂದ ಅಮ್ಮ ಹೇಳಿದ್ದೂ ಕೇಳಿಸಿತು.

ಅಪ್ಪಯ್ಯನ ಒಂದು ಮಾತಿನಲ್ಲಿ ವಿಷಯದ ತಿರುಳೇ ಇತ್ತು. ನಿಂತ ಮರವನ್ನು ಹಿಡಿಯುವುದು ಬೇರು. ಕಡಿದ ಮರಕ್ಕೆ ಅದಿಲ್ಲ. ಬುಡದಲ್ಲಿ ಇಲ್ಲದ ಬೇರನ್ನು ಬುಡದಲ್ಲೇ ಹುಟ್ಟಿಸಲು ನಾನು ಎರಡು ದಿನ ಒದ್ದಾಡಿದ್ದೆ. ಗಾಳಿ ತಳ್ಳುವುದು ನಡುವಿನಲ್ಲಿ, ಹಿಡಿಯಬೇಕಾದದ್ದು ಅದಕ್ಕಿಂತ ಮೇಲೆ. ಎತ್ತರ ಹೆಚ್ಚಾದಷ್ಟೂ ಹಗ್ಗದ ಮೇಲಿನ ಎಳೆತ ಕಡಿಮೆಯಾಗುತ್ತದೆ. ಆದರೆ ತೀರ ತುದಿಗೆ ಕಟ್ಟಿದರೆ ಕಾಂಡ ಅಲ್ಲಿ ಹೆಬ್ಬೆರಳಿನಷ್ಟೇ ದಪ್ಪವಿದ್ದು ಮುರಿಯುತ್ತದೆ. ಮೂರರಲ್ಲಿ ಎರಡು ಪಾಲು ಎತ್ತರ ಹದವಾದದ್ದು. ಆರಡಿಯ ಮರಕ್ಕೆ ನಾಲ್ಕಡಿ. ಅಲ್ಲಿ ಕಟ್ಟಿದ ಹಗ್ಗಕ್ಕೆ 72 ಕಿಲೋಮೀಟರ್ ಗಾಳಿಯಲ್ಲೂ ಬೀಳುವ ಎಳೆತ 14 ಕೆ.ಜಿ. ಆಸುಪಾಸು. ಸಾಧಾರಣವಾದ 5 ಮಿಲಿಮೀಟರ್ ದಪ್ಪದ ಹಗ್ಗವೂ ಇದರ ಹಲವು ಪಟ್ಟನ್ನು ತಾಳಿಕೊಳ್ಳುತ್ತದೆ. ಆದ್ದರಿಂದ ಹಗ್ಗ ಹರಿಯುತ್ತದೆಂಬ ಭಯ ಅನಗತ್ಯ. ಸೋಲುವುದು ಯಾವಾಗಲೂ ಗಂಟು, ಇಲ್ಲವೇ ಗೂಟ.

ಹಗ್ಗಗಳು ಮೂರು ಬೇಕು, ಮೂರು ದಿಕ್ಕಿಗೆ ಸಮನಾಗಿ ಹರಡಿರಬೇಕು. ಎರಡು ಸಾಲದು, ಏಕೆಂದರೆ ಎರಡು ಹಗ್ಗಗಳ ಸಾಲಿಗೆ ಅಡ್ಡಲಾಗಿ ಬರುವ ಗಾಳಿಗೆ ಯಾವ ತಡೆಯೂ ಇರುವುದಿಲ್ಲ. ನಾಲ್ಕು ಹಾಕಬಹುದು; ಆದರೆ ನಾಲ್ಕನ್ನೂ ಒಂದೇ ಬಿಗಿಯಲ್ಲಿ ಇಡುವುದು ಕಷ್ಟ, ಒಂದು ಸಡಿಲವಾಗಿ ಸುಮ್ಮನೆ ತೂಗುತ್ತಿರುತ್ತದೆ. ಮೂರು ಹಗ್ಗಗಳಿದ್ದರೆ ಒಂದನ್ನು ಬಿಗಿದಾಗ ಮಿಕ್ಕೆರಡು ತಾವಾಗಿ ಬಿಗಿಯುತ್ತವೆ. ನೆಲಕ್ಕೆ ಬರುವ ಓರೆ 45 ಡಿಗ್ರಿಯಷ್ಟಿರಲಿ. ಬುಡದ ಹತ್ತಿರಕ್ಕೇ ಹಗ್ಗವನ್ನು ಇಳಿಸಿ ಕಡಿದಾಗಿ ಕಟ್ಟಿದರೆ ಅದು ಮರವನ್ನು ನೆಲಕ್ಕೆ ಒತ್ತುತ್ತದೆಯೇ ಹೊರತು ಗಾಳಿಗೆದುರು ಹಿಡಿಯುವುದಿಲ್ಲ.

ಕಾಂಡಕ್ಕೆ ಕಟ್ಟುವ ಬಗೆಯಲ್ಲಿ ಸ್ವಲ್ಪ ನಾಜೂಕು ಬೇಕು. ಫರ್ ಮರದ ಕೊಂಬೆಗಳು ಕಾಂಡದ ಸುತ್ತ ಒಂದೇ ಮಟ್ಟದಲ್ಲಿ, ಛತ್ರಿಯ ಕಡ್ಡಿಗಳಂತೆ ಹೊರಡುತ್ತವೆ. ಅಂಥ ಒಂದು ಸುತ್ತಿನ ಮೇಲುಗಡೆ ಕುಣಿಕೆಯನ್ನು ಕೂರಿಸಿದರೆ ಅದು ಕೆಳಕ್ಕೆ ಜಾರುವುದಿಲ್ಲ. ಬರೀ ತಂತಿಯನ್ನಂತೂ ಸುತ್ತಲೇಬಾರದು. ಕಡಿದ ಮರದ ತೊಗಟೆಗೆ ಗಾಯವಾದರೇನೆಂದು ನಾನೂ ವಾದಿಸಿದ್ದೆ. ಗಾಯದ ಪ್ರಶ್ನೆ ಅಲ್ಲ, ತಂತಿ ತೊಗಟೆಯನ್ನು ಕೊರೆದುಕೊಂಡು ಒಳಗಿಳಿದ ಕೂಡಲೇ ಸುತ್ತು ಸಡಿಲವಾಗುತ್ತದೆ. ತೋಟಕ್ಕೆ ನೀರು ಹಾಯಿಸುವ ಹಳೆಯ ರಬ್ಬರ್ ಪೈಪಿನ ಒಂದು ಗೇಣು ತುಂಡಿನೊಳಗೆ ಹಗ್ಗವನ್ನು ತೂರಿಸಿ ಕಾಂಡಕ್ಕೆ ಸುತ್ತಿದೆವು. ಮೂರು ಹಗ್ಗಗಳಿಗೂ ಒಂದೊಂದು ಬೇರೆ ಕುಣಿಕೆ; ಒಂದೇ ಕುಣಿಕೆಗೆ ಮೂರನ್ನೂ ಕಟ್ಟಿದರೆ ಒಂದು ಕಡೆಯ ಎಳೆತಕ್ಕೆ ಇಡೀ ಕುಣಿಕೆ ತಿರುಗಿ, ಅದರ ಜೊತೆಗೆ ಮರವೂ ತಿರುಗಿ, ಬುಡದ ಸ್ಟ್ಯಾಂಡಿನ ತಿರುಪುಗಳು ಸಡಿಲಾಗುತ್ತವೆ.

ಹಗ್ಗದ ಜಾತಿಯ ವಿಷಯದಲ್ಲಿ ನನಗೆ ಬುದ್ಧಿ ಹೇಳಿದವರು ನೆಲಮಹಡಿಯ ಹಿರಿಯರು. ಅವರು ವಯಸ್ಸಿನಲ್ಲಿದ್ದಾಗ ಅರ್ಬ್ರೋತ್ ಬಂದರಿನ ಮೀನುದೋಣಿಗಳಲ್ಲಿ ದುಡಿದವರು. ನಾನು ತಂದಿದ್ದ ನೈಲಾನ್ ಹಗ್ಗವನ್ನು ಬೆರಳುಗಳ ನಡುವೆ ಹೊರಳಿಸಿ, ಇದು ನೀರು ಕುಡಿದು ರಾತ್ರಿಯೊಳಗೆ ಉದ್ದವಾಗುತ್ತದೆ, ಬೆಳಗ್ಗೆ ಜೋಲುತ್ತಿರುತ್ತದೆ ಎಂದರು, ಹಾಗೆಯೇ ಆಯಿತು. ನೈಲಾನ್ ಹಿಗ್ಗುವ ಹಗ್ಗ, ಒದ್ದೆಯಾದರೆ ಮತ್ತೂ ಹಿಗ್ಗುತ್ತದೆ. ಪಾಲಿಯೆಸ್ಟರ್ ಹಗ್ಗಕ್ಕೆ ಆ ಗುಣ ತೀರ ಕಡಿಮೆ. ಸಡಿಲ ಹಗ್ಗ ಇಲ್ಲದ ಹಗ್ಗಕ್ಕಿಂತ ಕೆಟ್ಟದ್ದು ಎಂದು ನನಗೆ ಆಮೇಲೆ ಮನವರಿಕೆಯಾಯಿತು. ಬಿಗಿಯಾದ ಹಗ್ಗದಲ್ಲಿ ಮರ ಅಲುಗುವುದೇ ಇಲ್ಲ. ಸಡಿಲವಿದ್ದಾಗ ಮರವು ಒಂದು ಗೇಣು ವಾಲಿ, ವೇಗ ಪಡೆದು, ಆಮೇಲೆ ಹಗ್ಗದ ತುದಿಗೆ ಬಂದು ಜಗ್ಗುತ್ತದೆ, ಆ ಜಗ್ಗಿಗೆ ಗೂಟ ಅಲ್ಲಾಡುತ್ತದೆ, ಮುಂದಿನ ಬೀಸಿಗೆ ಇನ್ನಷ್ಟು ವಾಲುತ್ತದೆ.

ಬಿಗಿಯುವ ಗಂಟಿಗೆ ಇಂಗ್ಲಿಷಿನಲ್ಲಿ ಲಾರಿಯವರ ಹೆಸರಿದೆ. ಹಿರಿಯರು ಅದನ್ನು ಕತ್ತಲೆಯಲ್ಲೇ ಹಾಕಿ ತೋರಿಸಿದಾಗ, ಇದು ನಮ್ಮೂರಿನಲ್ಲಿ ಹುಲ್ಲಿನ ಹೊರೆಯನ್ನು ಗಾಡಿಗೆ ಬಿಗಿಯುವಾಗ ಹಾಕುತ್ತಿದ್ದುದೇ ಎಂದು ನನಗೆ ಗುರುತು ಸಿಕ್ಕಿತು. ಹಗ್ಗದ ನಡುವೆ ಒಂದು ಬಿಚ್ಚುಕುಣಿಕೆ ಮಾಡಿ, ತುದಿಯನ್ನು ಗೂಟ ಅಥವಾ ಕಂಬದ ಸುತ್ತ ಬಳಸಿ ತಂದು ಆ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಎಳೆಯಬೇಕು; ಕುಣಿಕೆ ರಾಟೆಯಂತೆ ಕೆಲಸ ಮಾಡಿ, ನಮ್ಮ ಕೈಯ ಬಲಕ್ಕಿಂತ ಹೆಚ್ಚಿನ ಬಿಗಿ ಬರುತ್ತದೆ. ಎಳೆದದ್ದನ್ನು ಬೆರಳಿನಿಂದ ಒತ್ತಿ ಹಿಡಿದು ಎರಡು ಅರ್ಧಗಂಟು ಹಾಕಿದರೆ ಆಯಿತು. ಮೊದಲ ರಾತ್ರಿ ಕಳೆದ ಮೇಲೆ ಎಲ್ಲ ಹಗ್ಗಗಳನ್ನೂ ಮತ್ತೊಮ್ಮೆ ಬಿಗಿಯುವುದು ಕಡ್ಡಾಯ. ತೀರ ತಂಬೂರಿಯ ತಂತಿಯಂತೆ ಬಿಗಿಯುವುದೂ ಬೇಡ, ಮರ ಬಾಗುತ್ತದೆ. ನಡುವಿನಲ್ಲಿ ಒತ್ತಿದರೆ ಎರಡು ಬೆರಳಗಲ ಒಳಹೋಗುವಷ್ಟಿದ್ದರೆ ಸಾಕು.

ಹಗ್ಗದ ಇನ್ನೊಂದು ತುದಿಗೆ ಎರಡು ಗ್ರೀನೀ ಪೋಲುಗಳು ಅನಾಯಾಸವಾಗಿ ಸಿಕ್ಕಿದವು. ಅವುಗಳನ್ನು ಯಾವ ಕಾಲದಲ್ಲಿ ಎಷ್ಟು ಆಳಕ್ಕೆ ಹೂಳಿದ್ದರೋ, ಹಲವು ತಲೆಮಾರುಗಳ ಒದ್ದೆ ಬಟ್ಟೆಯ ಭಾರಕ್ಕೂ ಕದಲಿಲ್ಲ. ಮೂರನೆಯದಕ್ಕೆ ಹುಲ್ಲಿನ ಭಾಗದಲ್ಲಿ ಗೂಟ ಹೊಡೆಯಬೇಕಾಯಿತು. ಗೂಟವು ಮರದ ಕಡೆಗಲ್ಲ, ಮರದಿಂದ ಆಚೆಗೆ ಓರೆಯಾಗಿರಬೇಕು, ಹಗ್ಗಕ್ಕೂ ಗೂಟಕ್ಕೂ ನಡುವೆ ಮೂಲೆಮಟ್ಟದ ಕೋನವಿರಬೇಕು. ಹಗ್ಗವನ್ನು ಗೂಟದ ತಲೆಗಲ್ಲ, ನೆಲಕ್ಕೆ ತಾಗುವಲ್ಲಿ ಕಟ್ಟಬೇಕು. ದನ ಕಟ್ಟುವ ಗೂಟ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಡೇರೆಯ ಮೊಳೆಗಳು ಒಂದು ಗೇಣು ಉದ್ದದವು. ಬೇಸಿಗೆಯ ಗಟ್ಟಿ ನೆಲಕ್ಕೆ ಅವು ಸಾಕು, ಡಿಸೆಂಬರಿನ ಮಳೆ ಕುಡಿದ ನೆಲದಲ್ಲಿ ಬೆಣ್ಣೆಯಿಂದ ಚಾಕು ಎಳೆದಂತೆ ಹೊರಬರುತ್ತವೆ. ನಾವು ಹೊಡೆದದ್ದು ಎರಡಡಿಯ ಕಬ್ಬಿಣದ ಸರಳು, ಅದರಲ್ಲಿ ಒಂದೂವರೆ ಅಡಿಗೂ ಹೆಚ್ಚು ನೆಲದೊಳಗೆ. ಕತ್ತಲಾದ ಮೇಲೆ ಹಿತ್ತಲಲ್ಲಿ ಮಕ್ಕಳು ಓಡುವುದರಿಂದ ಮೂರು ಹಗ್ಗಗಳಿಗೂ ಬಿಳಿ ಬಟ್ಟೆಯ ಚಿಂದಿಗಳನ್ನು ಕಟ್ಟಿದೆವು. ಮರ ಬೀಳದಿರಲೆಂದು ಕಟ್ಟಿದ ಹಗ್ಗಕ್ಕೆ ಮಗು ಎಡವಿ ಬಿದ್ದರೆ ಏನು ಬಂತು?

ದಿಕ್ಕಿನ ವಿಚಾರದಲ್ಲಿ ನಾನು ಮೊದಲು ಸ್ವಲ್ಪ ಅತಿಬುದ್ಧಿ ತೋರಿಸಲು ಹೋಗಿದ್ದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಗಾಳಿ ಬರುವುದು ನೈಋತ್ಯದಿಂದ. ಹಾಗಾಗಿ ಆ ಕಡೆಯ ಹಗ್ಗವೊಂದನ್ನು ಗಟ್ಟಿ ಮಾಡಿದರೆ ಸಾಕಲ್ಲವೇ ಎಂದೆ. ನೆಲಮಹಡಿಯ ಹಿರಿಯರು ಅರ್ವೆನ್ ಬಿರುಗಾಳಿಯ ಹೆಸರೆತ್ತಿದರು. 2021ರ ನವೆಂಬರ್ 26ರ ರಾತ್ರಿ ಬಂದ ಆ ಗಾಳಿ ಬೀಸಿದ್ದು ಉತ್ತರ ಮತ್ತು ಈಶಾನ್ಯದ ಕಡೆಯಿಂದ. ಇಂಗ್ಲೆಂಡಿನ ಉತ್ತರ ತುದಿಯ ನಾರ್ಥಂಬರ್ಲೆಂಡಿನಲ್ಲಿ ಅದರ ಬೀಸು ಗಂಟೆಗೆ 98 ಮೈಲಿ ಮುಟ್ಟಿತ್ತು. ಜೀವಮಾನವಿಡೀ ನೈಋತ್ಯದ ಗಾಳಿಗೆ ಒಗ್ಗಿ ಬೇರು ಬಿಟ್ಟಿದ್ದ ಲಕ್ಷಗಟ್ಟಲೆ ಮರಗಳು ಸ್ಕಾಟ್ಲೆಂಡಿನ ಪೂರ್ವಭಾಗದಲ್ಲಿ ಆ ಒಂದು ರಾತ್ರಿಗೆ ನೆಲ ಕಚ್ಚಿದವು. ಬೇರಿದ್ದ ಮರಗಳ ಪಾಡೇ ಅದಾದರೆ, ಮೂರು ಹಗ್ಗದ ಮರ ಒಂದೇ ದಿಕ್ಕನ್ನು ನಂಬಿ ನಿಲ್ಲುವ ಹಾಗಿಲ್ಲ. ಇನ್ನು ಹಿತ್ತಲಿನ ಗೋಡೆಯ ಮರೆ. ಅದನ್ನೂ ಪೂರ್ತಿಯಾಗಿ ನಂಬಬಾರದು. ಎತ್ತರದ ಕಟ್ಟಡಕ್ಕೆ ಅಪ್ಪಳಿಸಿದ ಗಾಳಿ ಮೂಲೆಗಳನ್ನು ಸುತ್ತಿಕೊಂಡು ಇನ್ನಷ್ಟು ವೇಗದಿಂದ ಬರುತ್ತದೆ, ಒಮ್ಮೊಮ್ಮೆ ಮೇಲಿನಿಂದಲೂ ಇಳಿಯುತ್ತದೆ. ನಮ್ಮ ಹಿತ್ತಲಲ್ಲಿ ಅತಿ ಕೆಟ್ಟ ಜಾಗ ಯಾವುದೆಂದರೆ ನಾವು ಮೊದಲು ಮರ ನಿಲ್ಲಿಸಿದ್ದ, ಎರಡು ಕಟ್ಟಡಗಳ ನಡುವಿನ ಓಣಿ ಬಂದು ಸೇರುವ ಮೂಲೆ. ಅಲ್ಲಿಂದ ಗೋಡೆಯ ನಡುಭಾಗಕ್ಕೆ ಆರು ಅಡಿ ಸರಿಸಿದ್ದರಿಂದಲೇ ಅರ್ಧ ತೊಂದರೆ ಕಡಿಮೆಯಾಯಿತು.

ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ಈ ಊರಿನಲ್ಲಿ ಒಂದು ಕಣ್ಣೆದುರಿನ ಸಾಕ್ಷಿಯಿದೆ. ಎಡಿನ್‌ಬರೋ ಕಡೆಗೆ ಹೋಗುವ ರೈಲು ಟೇ ನದಿಯ ಅಳಿವೆಯನ್ನು ದಾಟುವಾಗ ಪಕ್ಕದ ನೀರಿನಲ್ಲಿ ಸಾಲಾಗಿ ಮೋಟುಕಂಬಗಳು ಕಾಣುತ್ತವೆ. ಥಾಮಸ್ ಬೌಚ್ ಕಟ್ಟಿಸಿದ ಮೊದಲ ಸೇತುವೆಯ ಪಳೆಯುಳಿಕೆ ಅದು. 1878ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯ ನಡುಭಾಗವು 1879ರ ಡಿಸೆಂಬರ್ 28ರ ಬಿರುಗಾಳಿಯ ರಾತ್ರಿ, ಮೇಲಿದ್ದ ರೈಲಿನೊಂದಿಗೆ ನದಿಗೆ ಕುಸಿಯಿತು. ರೈಲಿನಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ವಿನ್ಯಾಸದಲ್ಲಿ ಗಾಳಿಯ ಒತ್ತಡಕ್ಕೆಂದು ಪ್ರತ್ಯೇಕವಾಗಿ ಏನನ್ನೂ ಸೇರಿಸಿರಲಿಲ್ಲವೆಂಬುದು ವಿಚಾರಣೆಯಲ್ಲಿ ಹೊರಬಿತ್ತು. ಅದರ ನಂತರ ಎಡಿನ್‌ಬರೋ ಬಳಿ ಕಟ್ಟಿದ ಫೋರ್ತ್ ರೈಲುಸೇತುವೆಗೆ ಚದರ ಅಡಿಗೆ 56 ಪೌಂಡ್ ಗಾಳಿಯೊತ್ತಡವನ್ನು ಹಿಡಿದು ಲೆಕ್ಕ ಹಾಕಿದರು. ನನ್ನ ಲಕೋಟೆಯ ಲೆಕ್ಕದಲ್ಲಿ 72 ಕಿಲೋಮೀಟರ್ ಗಾಳಿ ಬರೀ 5 ಪೌಂಡಿನಷ್ಟು. ಅಷ್ಟಕ್ಕೇ ನಾವು ನಾಲ್ಕು ಮನೆಯವರು ಹೈರಾಣಾಗಿದ್ದೆವು.

ಆರಡಿಯ ಮರ ಬಿದ್ದರೆ ಎರಡು ಗಾಜಿನ ಗುಂಡು ಒಡೆಯಬಹುದು. ಊರಚೌಕದ ಮರಗಳ ಮಾತು ಬೇರೆ. ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ 1947ರಿಂದ ಪ್ರತಿ ವರ್ಷ ಓಸ್ಲೋ ನಗರದವರು ಕಳಿಸುವ ಸ್ಪ್ರೂಸ್ 20 ಮೀಟರ್ ದಾಟುತ್ತದೆ. ಅಂಥದ್ದನ್ನು ಕ್ರೇನಿನಿಂದ ನಿಲ್ಲಿಸುವುದು ಅದೇ ಕಸುಬಿನವರು. 2023ರ ನವೆಂಬರ್ 28ರಂದು ವಾಷಿಂಗ್ಟನ್ನಿನ ಶ್ವೇತಭವನದ ಬಳಿಯ ಸುಮಾರು 40 ಅಡಿಯ ಮರ ಗಾಳಿಗೆ ಉರುಳಿತು. ತುಂಡಾಗಿದ್ದ ಕೇಬಲ್ಲನ್ನು ಬದಲಿಸಿ ಅದೇ ಸಂಜೆ ಎತ್ತಿ ನಿಲ್ಲಿಸಿದರು. ಮುಂದಿನ ತಿಂಗಳಲ್ಲೇ ಬೆಲ್ಜಿಯಮ್ಮಿನ ಔಡೆನಾರ್ಡೆ ಪಟ್ಟಣದ ಸಂತೆಯಲ್ಲಿ 20 ಮೀಟರಿನ ಮರ ಬಿದ್ದು ಒಬ್ಬ ಮಹಿಳೆ ತೀರಿಕೊಂಡರು. ನಮ್ಮ ಕಟ್ಟಡದಲ್ಲಿ ಮುಂದಿನ ವರ್ಷ ಹನ್ನೆರಡು ಅಡಿಯ ಮರ ತರೋಣವೆಂಬ ಉತ್ಸಾಹ ಮೂಡಿದಾಗ ನಾನು ಈ ಸುದ್ದಿಯನ್ನು ಹೇಳಿ ಬೇಡವೆಂದೆ. ಎತ್ತರ ಎರಡು ಪಟ್ಟಾದರೆ ಗಾಳಿಗೊಡ್ಡುವ ಮೈ ನಾಲ್ಕು ಪಟ್ಟು, ಅದು ನಾಟುವ ಎತ್ತರ ಎರಡು ಪಟ್ಟು, ಒಟ್ಟು ಕೆಡವುವ ಶಕ್ತಿ ಎಂಟು ಪಟ್ಟು.

ಹೆಸರುಳ್ಳ ಬಿರುಗಾಳಿಯ ಮುನ್ಸೂಚನೆ ಬಂದ ರಾತ್ರಿ ನಾವು ಹಗ್ಗಗಳ ಮೇಲೆ ಪೌರುಷ ತೋರಿಸುವುದಿಲ್ಲ, ಮರವನ್ನು ಮಲಗಿಸಿಬಿಡುತ್ತೇವೆ. ಮೂರು ಹಗ್ಗ ಬಿಚ್ಚಿ ಗೋಡೆಯ ಬುಡಕ್ಕೆ ಉದ್ದಕ್ಕೆ ಮಲಗಿಸಿ ಮೇಲೊಂದು ಹಗ್ಗ ಹಾಯಿಸಲು ಇಬ್ಬರಿಗೆ ಹತ್ತು ನಿಮಿಷ ಸಾಕು. ಮಲಗಿಸುವಾಗ ಕಡಿದ ಬುಡ ಗಾಳಿ ಬರುವ ದಿಕ್ಕಿಗಿರಬೇಕು. ಕೊಂಬೆಗಳು ತುದಿಯ ಕಡೆಗೆ ವಾಲಿರುವುದರಿಂದ ಬುಡದಿಂದ ಬರುವ ಗಾಳಿ ಅವುಗಳನ್ನು ಮಡಚಿ ಒತ್ತುತ್ತದೆ. ತುದಿಯಿಂದ ಬಂದರೆ ಛತ್ರಿ ಮಗುಚಿದಂತೆ ಬಿಡಿಸುತ್ತದೆ. ಕಾರಿನ ಮೇಲೆ ಮರ ಹೇರಿಕೊಂಡು ಹೋಗುವವರು ಬುಡವನ್ನು ಮುಂದಕ್ಕೆ ಇಡುವುದೂ ಇದಕ್ಕೇ.

ನೀರಿನ ಬಗ್ಗೆ ಒಂದು ಮಾತು. ತಂದ ಕೂಡಲೇ ಬುಡದಿಂದ ಒಂದು ಅಂಗುಲ ಗರಗಸದಿಂದ ಕೊಯ್ದು ನೀರಿಗಿಟ್ಟರೆ ಅಂಟು ಕಟ್ಟಿಕೊಂಡ ಪದರ ಹೋಗಿ ಮರ ನೀರೆಳೆಯುತ್ತದೆ. ಹೊರಗಿಟ್ಟ ಮರದ ಬಟ್ಟಲನ್ನು ಮಾತ್ರ ಅಂಚಿನವರೆಗೆ ತುಂಬಬಾರದು. ರಾತ್ರಿ ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ, ಪ್ಲಾಸ್ಟಿಕ್ ಬಟ್ಟಲಾದರೆ ಸೀಳುತ್ತದೆ. ದಿನ ಕಳೆದಂತೆ ಕಾಂಡ ಒಣಗಿ ತುಸು ಸಣ್ಣಗಾಗುವುದರಿಂದ ಸ್ಟ್ಯಾಂಡಿನ ತಿರುಪುಗಳನ್ನು ವಾರಕ್ಕೊಮ್ಮೆ ಬಿಗಿಯಬೇಕು.

ಇದನ್ನೆಲ್ಲ ಕೇಳಿದ ಮಂಗಳೂರಿನ ಗೆಳೆಯನೊಬ್ಬ ನಕ್ಕ. ಅವರ ಮನೆಯಲ್ಲಿ ಚಿಕ್ಕಂದಿನಲ್ಲಿ ಕ್ರಿಸ್ಮಸ್ ಮರವೆಂದರೆ ಕಡಲತಡಿಯಿಂದ ತಂದ ಒಂದು ಕೊಂಬೆ, ಎಣ್ಣೆಯ ಡಬ್ಬಕ್ಕೆ ಮರಳು ತುಂಬಿ ಅದರಲ್ಲಿ ನೆಟ್ಟರೆ ಮುಗಿಯಿತು. ಆ ಮರಕ್ಕೆ ನಮ್ಮವರು ಇಟ್ಟ ಹೆಸರೇ ಗಾಳಿಮರ. ಕಡಲಗಾಳಿಯನ್ನು ತಡೆಯಲೆಂದೇ ಕರಾವಳಿಯುದ್ದಕ್ಕೂ ಬೆಳೆಸಿದ್ದು. ಗಾಳಿಯು ಅದರ ಎಳೆಗಳ ನಡುವೆ ಸುಯ್ಯೆಂದು ಹಾದುಹೋಗುತ್ತದೆ.

ಜನವರಿ 6ರಂದು ಮರವನ್ನು ಇಳಿಸಿದೆವು. ದೀಪದ ಸರ ಬಿಚ್ಚಿದ್ದು ಮಕ್ಕಳು, ಹಗ್ಗ ಬಿಚ್ಚಿದ್ದು ನಾನು. ಬಿಚ್ಚುಕುಣಿಕೆಗಳು ಒಂದೇ ಎಳೆತಕ್ಕೆ ಬಿಟ್ಟುಕೊಂಡವು. ಸರಳು ಮಾತ್ರ ಬರಲಿಲ್ಲ. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಇಬ್ಬರು ಸೇರಿ ಎಳೆದರೂ, ಸುತ್ತಿಗೆಯಿಂದ ಪಕ್ಕಕ್ಕೆ ಬಡಿದರೂ ಕದಲಲಿಲ್ಲ. ಎಡವದಿರಲೆಂದು ಅದರ ತಲೆಗೆ ಹಳೆಯ ಟೆನಿಸ್ ಚೆಂಡೊಂದನ್ನು ಸೀಳಿ ಸಿಕ್ಕಿಸಿ, ಮಂಜು ಕರಗುವ ತನಕ ಇರಲೆಂದು ಬಿಟ್ಟೆವು. ಮಾರ್ಚಿಯಲ್ಲಿ ಹಿರಿಯರು ಅದಕ್ಕೆ ತಮ್ಮ ಬಟಾಣಿ ಬಳ್ಳಿಯ ದಾರವನ್ನು ಕಟ್ಟಿಕೊಂಡರು, ಅದು ಈಗಲೂ ಅಲ್ಲೇ ಇದೆ.